ಎರಡು ಬೆರಳು ಬಟ್ಟೆ

ಆ ಚೀಲವನ್ನು ಯಾರು ಮುಟ್ಟಿದರೂ ಮುನಿಲಕ್ಷ್ಮಿಗೆ ತನ್ನ ಮೈಯನ್ನೇ ಮುಟ್ಟಿದ ಹಾಗಾಗುತ್ತಿತ್ತು. ಈಗ ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ಖಾಕಿ ಹಾಕಿದ ಹುಡುಗಿಯೊಬ್ಬಳು ಅದನ್ನು ಎರಡಾಗಿ ಮಡಚಿ ಟ್ರೇಯಲ್ಲಿಡು ಎಂದು ಕೈಸನ್ನೆ ಮಾಡುತ್ತಿದ್ದಳು. ಮಡಚಬಾರದು, ಮಡಚಿದರೆ ಕಸೂತಿಯ ಮಣಿಗಳು ಒಂದಕ್ಕೊಂದು ತಿಕ್ಕಿ ರೇಷ್ಮೆಯ ಎಳೆ ಏಳುತ್ತದೆ ಎಂದು ಹೇಳಬೇಕೆನ್ನಿಸಿತು. ಆದರೆ ಆ ಹುಡುಗಿಗೆ ಕನ್ನಡ ಬರುವಂತಿರಲಿಲ್ಲ, ಹಿಂದೆ ನಿಂತವರಿಗೆ ತಾಳ್ಮೆ ಇರಲಿಲ್ಲ. "ಶಾದಿ," ಎಂದಳು ಕೊನೆಗೆ, ಗೊತ್ತಿದ್ದ ನಾಲ್ಕು ಹಿಂದಿ ಮಾತಿನಲ್ಲಿ ಒಂದನ್ನು ಆರಿಸಿ. ಹುಡುಗಿ ನಗಲಿಲ್ಲ. ಟ್ರೇಗಳು ಒಳಗೆ ಹೋದವು, ಆ ಕಡೆ ಬಂದವು. ಮುನಿಲಕ್ಷ್ಮಿಯ ಕೈಚೀಲ ಇದ್ದ ಟ್ರೇ ಮಾತ್ರ ಪಕ್ಕಕ್ಕೆ ಸರಿಯಿತು. ಪಕ್ಕಕ್ಕೆ ಸರಿದರೆ ಏನೋ ತಪ್ಪಾಗಿದೆ ಎಂದು ಮೊದಲ ಸಲ ವಿಮಾನ ಹತ್ತುವವರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಕೈಚೀಲದ ತಳದಿಂದ ದಾರ ಕತ್ತರಿಸುವ ಪುಟ್ಟ ಕತ್ತರಿ ಹೊರಬಂತು. ಇಪ್ಪತ್ತೆರಡು ವರ್ಷದಿಂದ ಅದು ಅಲ್ಲೇ ಇರುತ್ತಿತ್ತು. ಸಂತೆಗೆ ಹೋದರೂ, ಸಾವಿಗೆ ಹೋದರೂ. ಸುತ್ತ ಮೂರು ಸಾಲಿನ ಜನ ನೋಡುತ್ತಿದ್ದಾರೆ, ಒಬ್ಬ ಹೆಂಗಸು ಕತ್ತರಿ ಇಟ್ಟುಕೊಂಡು ವಿಮಾನಕ್ಕೆ ಬಂದಿದ್ದಾಳೆ. ಹುಡುಗಿ ಅದನ್ನು ಒಂದು ಡಬ್ಬಕ್ಕೆ ಹಾಕಿದಳು. ಹಾಕಿ, ಬಟ್ಟೆಯ ಚೀಲದ ಜಿಪ್ಪನ್ನು ಒಂದು ಗೇಣು ಬಿಚ್ಚಿ, ಒಳಗಿನ ಕೆಂಪನ್ನೂ ಅದರ ಮೇಲಿನ ಮಾವಿನ ಹೂವಿನ ಗೊಂಚಲುಗಳನ್ನೂ ಒಂದು ಗಳಿಗೆ ನೋಡಿ, ತೋರುಬೆರಳಿನಿಂದ ಒಂದೇ ಒಂದು ಹೂವನ್ನು ಮುಟ್ಟಿ ಜಿಪ್ಪು ಹಾಕಿದಳು. ಆಗಲೂ ನಗಲಿಲ್ಲ.

ಇದು ಮೌನಿಕಾಳ ಮದುವೆ ಬಟ್ಟೆ. ಮೌನಿಕಾ ಮುನಿಲಕ್ಷ್ಮಿಯ ಅಕ್ಕನ ಮಗಳು, ನರಸಾಪುರದ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ಪರೀಕ್ಷಿಸಿ ಸಹಿ ಹಾಕುವ ಕೆಲಸದಲ್ಲಿದ್ದಳು. ಅದೇ ಕಾರ್ಖಾನೆಯ, ಅದೇ ಕಂಪನಿ ಬಸ್ಸಿನ, ಮಾಲೂರಿನ ಅರುಣ್‌ಕುಮಾರ್ ಎಂಬವನನ್ನು ಮದುವೆಯಾಗುತ್ತಿದ್ದಳು. ಇಬ್ಬರೂ ಸೇರಿ, ಮದುವೆ ಅಂತ ಆದರೆ ಉದಯಪುರದಲ್ಲಿ, ಕೆರೆ ದಂಡೆಯ ಹೋಟೆಲಿನಲ್ಲಿ, ಐವತ್ತೇ ಜನರ ಮುಂದೆ ಎಂದು ಹಟ ಹಿಡಿದು ಕೂತಿದ್ದರು. ಕೆರೆ ನೋಡಬೇಕೆಂದರೆ ಅಷ್ಟು ದೂರ ಯಾಕೆ, ಕೋಲಾರ ಜಿಲ್ಲೆಯಲ್ಲಿ ಕೆರೆಗಳಿಗೇನು ಬರವೇ ಎಂದು ನೆಂಟರೆಲ್ಲ ಆಡಿಕೊಂಡರು. ಅದು ಹೇಗೋ ಇತ್ಯರ್ಥವಾಯಿತು. ಆಗದೆ ಉಳಿದದ್ದು ಬಟ್ಟೆಯ ಜಗಳ. ಮದುಮಗಳಿಗೆ ಲೆಹೆಂಗಾ ಬೇಕು; ಅವಳ ಅಜ್ಜಿ, ಅಂದರೆ ಮುನಿಲಕ್ಷ್ಮಿಯ ಅಕ್ಕನ ಅತ್ತೆ, ದೊಡ್ಡವೆಂಕಟಮ್ಮನಿಗೆ ಧಾರೆ ಸೀರೆಯೇ ಆಗಬೇಕು. ಎರಡು ವಾರ ದೇವರಾಯಸಮುದ್ರದ ಆ ಮನೆಯಲ್ಲಿ ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಆಗ ಶ್ರೀನಿವಾಸಪುರದ ಬಸ್ ನಿಲ್ದಾಣದ ಹಿಂದೆ ಎರಡು ಮಿಷಿನ್ನಿನ ಅಂಗಡಿ ಇಟ್ಟುಕೊಂಡಿದ್ದ ಮುನಿಲಕ್ಷ್ಮಿ, ಯಾರೂ ಕೇಳದೆಯೇ, "ಧಾರೆ ಸೀರೆಯಲ್ಲೇ ಲಂಗ ಬ್ಲೌಸು ಹೊಲೀತೀನಿ. ಇಬ್ರ ಮಾತೂ ನಡೀಲಿ," ಎಂದುಬಿಟ್ಟಳು. ಅಂದ ಮೇಲೆ ತಾನು ಏನು ಅಂದೆ ಎಂದು ಅವಳಿಗೇ ಭಯವಾಯಿತು. ಧಾರೆ ಸೀರೆಗೆ ಕತ್ತರಿ ಹಾಕುವುದು! ಹಾಕಿದ ದಿನ ಅಂಚಿಗೆ ಅರಿಶಿನ ಹಚ್ಚಿ, ಕೈಮುಗಿದು, ಕಣ್ಣು ಮುಚ್ಚಿ ಮೊದಲ ಕತ್ತರಿ ಹಾಕಿದ್ದಳು. ಕಣ್ಣು ಮುಚ್ಚಿ ಬಟ್ಟೆ ಕತ್ತರಿಸಿದ ದರ್ಜಿ ಜಗತ್ತಿನಲ್ಲಿ ತಾನೊಬ್ಬಳೇ ಇರಬೇಕು ಎಂದು ಆಮೇಲೆ ನಗು ಬಂತು.

ದೊಡ್ಡವೆಂಕಟಮ್ಮ ಕಾಲುಂಗುರದಿಂದ ತಪಾಸಣೆಯ ಬಾಗಿಲನ್ನು ಕೂಗಿಸಿ, ಕೋಲನ್ನು ಯಂತ್ರಕ್ಕೆ ಒಪ್ಪಿಸಿ, ಮತ್ತೆ ಅದನ್ನು ಕಿತ್ತುಕೊಂಡು ಈ ಕಡೆ ಬಂದಳು. ಉಳಿದವರೆಲ್ಲ ಮೂರು ದಿನ ಮುಂಚೆಯೇ ರೈಲಿನಲ್ಲಿ ಹೋಗಿದ್ದರು. ಮುದುಕಿಯ ಮಂಡಿಗೆ ಎರಡು ದಿನದ ರೈಲು ಆಗುವುದಿಲ್ಲ, ಬಟ್ಟೆಯ ಕಸೂತಿ ಮುಗಿಯುವುದಕ್ಕೆ ಇನ್ನೆರಡು ದಿನ ಬೇಕು. ಹಾಗಾಗಿ ಮಂಡಿ, ಬಟ್ಟೆ, ಮುನಿಲಕ್ಷ್ಮಿ ಮೂರೂ ಸೇರಿ ಮದುವೆಯ ದಿನವೇ ಬೆಳಗಿನ ವಿಮಾನಕ್ಕೆ ಹೊರಟಿದ್ದವು. ಗೋಧೂಳಿ ಮುಹೂರ್ತ, ಸಂಜೆ ಆರೂವರೆ. ಬೇಕಾದಷ್ಟು ಹೊತ್ತಿದೆ ಎಂದು ಎಲ್ಲರೂ ಹೇಳಿದ್ದರು. ಮುನಿಲಕ್ಷ್ಮಿಗೆ ಹೊತ್ತಿನ ಹೆದರಿಕೆ ಇರಲಿಲ್ಲ. ಅವಳ ಹೆದರಿಕೆ ಬೇರೆ. ಅದು ಹದಿನೈದು ದಿನದ್ದು.

ಹದಿನೈದು ದಿನದ ಹಿಂದೆ ಮಧ್ಯಾಹ್ನ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಾಗ ಮನೆಯವರ ವಾಟ್ಸಾಪ್ ಗುಂಪಿಗೆ ಮೌನಿಕಾಳ ಒಂದು ಮಾತು ಬಂದು ಬಿತ್ತು. "ಚಿಕ್ಕಮ್ಮಂದು ಆಗ್ದೇ ಹೋದ್ರೆ ಇರ್ಲಿ ಅಂತ ಇನ್ನೊಂದು ಬಾಡಿಗೆಗೆ ಹೇಳಿದೀನಿ ಕಣೇ." ಯಾರೋ ಗೆಳತಿಗೆ ಹೋಗಬೇಕಾದ್ದು ಇಲ್ಲಿಗೆ ಬಂದಿತ್ತು. ಅರ್ಧ ನಿಮಿಷದಲ್ಲಿ ಅದು ಅಳಿಸಿಹೋಯಿತು, ಅಳಿಸಲಾಗಿದೆ ಎಂಬ ಸಾಲು ಮಾತ್ರ ಉಳಿಯಿತು. ಓದಿದವರು ಯಾರೂ ಇಲ್ಲ ಎಂದು ಮೌನಿಕಾ ಸಮಾಧಾನಪಟ್ಟಿರಬೇಕು. ಮುನಿಲಕ್ಷ್ಮಿ ಆವತ್ತು ದಾರ ಪೋಣಿಸಿಯೇ ಪೋಣಿಸಿದಳು, ಆದರೆ ಸೂಜಿಯ ಕಣ್ಣು ಕಾಣದೆ ಮೂರು ಸಲ ಎಂಜಲು ಮಾಡಬೇಕಾಯಿತು. ಅದಕ್ಕಿಂತ ಎರಡು ವರ್ಷ ಹಿಂದೆ ಮಾಲೂರಿನಲ್ಲಿ ಒಂದು ಗೃಹಪ್ರವೇಶ. ಮೌನಿಕಾ ನೀಲಿ ಬ್ಲೌಸು ಹಾಕಿ ಬಂದಿದ್ದಳು. ತೋಳು ಕೂರಿಸಿದ ರೀತಿ, ಎದೆಯ ಹತ್ತಿರ ಬಟ್ಟೆ ಹಿಡಿದ ರೀತಿ ನೋಡಿದರೆ ಸಾಕು, ದರ್ಜಿಗೆ ಯಾರ ಕೈ ಎಂದು ತಿಳಿಯುತ್ತದೆ, ಕಡೇಪಕ್ಷ ತನ್ನ ಕೈ ಅಲ್ಲವೆಂದು ತಿಳಿಯುತ್ತದೆ. ಹತ್ತು ವರ್ಷದ ಮಗುವಾಗಿದ್ದಾಗಿನಿಂದ ಆ ಮೈಗೆ ಇನ್ನೊಬ್ಬರು ಟೇಪು ಹಿಡಿದಿರಲಿಲ್ಲ. ಹುಡುಗಿ ಕಕ್ಕಾಬಿಕ್ಕಿಯಾಗಿ ಸೆರಗು ಹೊದ್ದಳು. ಮುನಿಲಕ್ಷ್ಮಿ ಕೋಸಂಬರಿ ಬಡಿಸುತ್ತ, "ಚೆನ್ನಾಗಿದೆ ಕಣೇ ಬ್ಲೌಸು," ಎಂದಳು. ಚೆನ್ನಾಗಿಯೂ ಇತ್ತು, ಅದನ್ನೇ ತಡೆಯಲಾಗಲಿಲ್ಲ.

ಕಾಯುವ ಕುರ್ಚಿಗಳಲ್ಲಿ ಕೂತ ಮೇಲೆ ಚೀಲವನ್ನು ಅವಳು ತೊಡೆಯ ಮೇಲೆ ಅಡ್ಡ ಹಾಕಿಕೊಂಡಳು. ಗಾಜಿನಾಚೆ ವಿಮಾನಗಳು ಕಂಪನಿ ಬಸ್ಸುಗಳ ಹಾಗೆ ಸಾಲಾಗಿ ನಿಂತಿದ್ದವು. ದೊಡ್ಡವೆಂಕಟಮ್ಮ ಅವನ್ನು ನೋಡಲಿಲ್ಲ, ಚೀಲವನ್ನೇ ನೋಡಿದಳು. ಅವಳು ಏನೋ ಹೇಳಬೇಕೆಂದಿದ್ದಾಳೆ ಎಂದು ಮುನಿಲಕ್ಷ್ಮಿಗೆ ಬೆಳಿಗ್ಗೆ ಕಾರಿನಲ್ಲೇ ಅನುಮಾನ ಬಂದಿತ್ತು. ಚಿಂತಾಮಣಿ ದಾಟುವ ತನಕ ಮುದುಕಿ ಮೂರು ಸಲ ಬಾಯಿ ತೆರೆದು ಮೂರು ಸಲವೂ ಎಲೆ ಅಡಿಕೆ ಹಾಕಿಕೊಂಡಿದ್ದಳು.

"ಅಮ್ಮಾಯಿ, ಬ್ಲೌಸು ಹುಡುಗಿ ಮೈಗೆ ಹಿಡಿಸ್ತದಾ?"

"ಯಾಕತ್ತೆ? ನೀವು ಕಳಿಸಿದ ಅಳತೆ ಬ್ಲೌಸಿಗೆ ಸರಿಯಾಗೇ ಹೊಲಿದಿದೀನಿ. ಒಂದು ದಾರ ಹೆಚ್ಚಿಲ್ಲ, ಒಂದು ದಾರ ಕಮ್ಮಿ ಇಲ್ಲ."

"ಅದೇ ಅಮ್ಮ ನಾನು ಹೇಳ್ತಿರೋದು. ಅಳತೆಗೆ ಸರಿಯಾಗಿ ಹೊಲಿದಿದೀಯಲ್ಲ, ಅದೇ ನಂಗೆ ದಿಗಿಲು." ಮುದುಕಿ ಕೋಲಿನ ತುದಿಯಿಂದ ನೆಲ ಕೆರೆದಳು. "ಆ ಬ್ಲೌಸು ಹಳೇದು ಕಣಮ್ಮ. ಹುಡುಗಿ ಕಾಲೇಜಿಗೆ ಹೋಗ್ತಿದ್ದಾಗ ನೀನೇ ಹೊಲ್ಕೊಟ್ಟಿದ್ದು. ಐದು ವರ್ಸ ಆಯ್ತು."

"ನಾನೇ ಹೊಲಿದದ್ದು ಅಂತ ಗೊತ್ತು. ಈಗ್ಲೂ ಅದನ್ನೇ ಹಾಕ್ತಿರಬೇಕು ಅಂದ್ಕೊಂಡೆ."

"ಎಲ್ಲಿ ಹಾಕ್ತಾಳೆ? ಈಗ ಹಾಕೋವೆಲ್ಲ ಬೇರೆ ಟೈಲರ್ ಹತ್ರ ಹೊಲ್ಸಿದ್ದು. ಅದನ್ನ ಕಳಿಸಿದ್ರೆ ನಿಂಗೆ ಗೊತ್ತಾಗಿಬಿಡ್ತದೆ, ಬೇಜಾರು ಮಾಡ್ಕೊಂತೀಯ ಅಂತ ಅಜ್ಜಿ ಮೊಮ್ಮಗಳು ಇಬ್ರೂ ಕೂತ್ಕೊಂಡು ಯೋಚ್ನೆ ಮಾಡಿ, ಟ್ರಂಕಿನ ತಳದಿಂದ ನಿನ್ನ ಕೈದೇ ಒಂದು ಹುಡುಕಿ ತೆಗೆದ್ವಿ. ಅಳತೆ ಎರಡು ದಾರ ಆಚೆ ಈಚೆ ಆಗ್ಬೋದು, ನೀನು ಒಂದ್ಸಲ ತೊಡಿಸಿ ನೋಡ್ತೀಯಲ್ಲ ಅಂತ ಸುಮ್ನಿದ್ದೆ. ಹುಡುಗಿ ತೊಡೋಕೇ ಬರ್ಲಿಲ್ಲ. ತಪ್ಪು ನಂದೇ. ತಿಟ್ಟು, ಪರವಾಗಿಲ್ಲ."

ತಿಟ್ಟು ಎಂದರೆ ಬೈ ಎಂದು. ಸಂಕಟ ಬಂದರೆ ಮುದುಕಿಯ ಬಾಯಿಗೆ ತೆಲುಗು ಬರುತ್ತಿತ್ತು. ಬೈಯಬೇಕಾದ್ದು ಯಾರನ್ನು ಎಂದು ಮುನಿಲಕ್ಷ್ಮಿಗೆ ಗೊತ್ತಿತ್ತು. ಅಳತೆ ಬ್ಲೌಸು ಬಂದ ದಿನ, ಮುಳಬಾಗಿಲು ಬಸ್ಸಿನ ಕಂಡಕ್ಟರ್ ಕೊಟ್ಟ ಪೊಟ್ಟಣ ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ನುಸಿಗುಳಿಗೆಯ ವಾಸನೆ. ದಿನಾ ಹಾಕುವ ಬಟ್ಟೆಗೆ ಯಾರು ನುಸಿಗುಳಿಗೆ ಇಡುತ್ತಾರೆ? ಮಡಿಕೆಯ ಗೆರೆ ಕತ್ತಿಯ ಅಲಗಿನ ಹಾಗಿತ್ತು. ಕಂಕುಳಲ್ಲಿ ಬೆವರಿನ ಬಣ್ಣ ಇರಲಿಲ್ಲ. ಇಪ್ಪತ್ತೆರಡು ವರ್ಷ ಜನರ ಬ್ಲೌಸು ನೋಡಿದ ಕಣ್ಣು ಇವನ್ನೆಲ್ಲ ನೋಡಿತ್ತು, ನೋಡಿಯೂ ಬದಿಗೆ ಸರಿಸಿತ್ತು. ಯಾಕೆಂದರೆ ಅದು ತನ್ನ ಕೈಹೊಲಿಗೆ. ಕೊಕ್ಕೆಯ ಮನೆಯನ್ನು ದಾರದಿಂದ ಎರಡು ಸುತ್ತು ಸುತ್ತುವುದು ಇಡೀ ತಾಲೂಕಿನಲ್ಲಿ ಅವಳೊಬ್ಬಳೇ. ಅದನ್ನು ಕಂಡದ್ದೇ, ನೋಡಿದೆಯಾ, ಹುಡುಗಿ ಎಲ್ಲಿ ಸುತ್ತಿದರೂ ಅಳತೆಗೆ ನನ್ನದನ್ನೇ ಇಟ್ಟುಕೊಂಡಿದ್ದಾಳೆ ಎಂದು ಉಬ್ಬಿಹೋಗಿ, ಅಂಗಡಿಯಲ್ಲಿ ಕೂತಿದ್ದ ಗಿರಾಕಿಗೂ ತೋರಿಸಿದ್ದಳು. ಒಂದು ಫೋನು ಮಾಡಿ, ಇದು ಯಾವ ಕಾಲದ್ದೇ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ, ಉತ್ತರ ಬೇಕಾಗಿರಲಿಲ್ಲ. ತೊಟ್ಟು ನೋಡಲು ಬಾ ಎಂದು ಎರಡು ಸಲ ಕರೆದಾಗ, "ಶಿಫ್ಟ್ ಇದೆ ಚಿಕ್ಕಮ್ಮ, ನೀನು ಹೊಲಿದ್ರೆ ಸರಿಯಾಗೇ ಇರುತ್ತೆ," ಎಂದಿದ್ದಳು ಮೌನಿಕಾ. ಅದನ್ನೂ ಹೊಗಳಿಕೆ ಎಂದುಕೊಂಡು ಸುಮ್ಮನಾಗಿದ್ದಳು ಮುನಿಲಕ್ಷ್ಮಿ. ಇಂಥ ದಡ್ಡತನವೇ ಎಂದು ಈಗ ತನಗೇ ಹೊಡೆದುಕೊಳ್ಳಬೇಕೆನ್ನಿಸಿತು. ಕಾಲೇಜಿಗೆ ಹೋಗುತ್ತಿದ್ದ ಕಡ್ಡಿಯಂಥ ಹುಡುಗಿಯ ಅಳತೆಗೆ ಹೊಲಿದ ಬ್ಲೌಸು. ಈಗ ಕಾರ್ಖಾನೆಯ ಕ್ಯಾಂಟೀನ್ ಊಟ ಉಂಡು ತುಂಬಿಕೊಂಡ ಇಪ್ಪತ್ತಮೂರರ ಹೆಣ್ಣು. ಕೊಕ್ಕೆ ಕೂರುವುದಿಲ್ಲ. ಕೂರದಿದ್ದರೆ ಬಾಡಿಗೆಯದು ಹೊರಬರುತ್ತದೆ. ಧಾರೆ ಸೀರೆಗೆ ಹಾಕಿದ ಕತ್ತರಿ ದಂಡಕ್ಕೆ ಹೋಗುತ್ತದೆ, ಐವತ್ತು ಜನರ ಮುಂದೆ.

ವಿಮಾನದೊಳಗೆ ಗಗನಸಖಿ ಚೀಲವನ್ನು ತಲೆಯ ಮೇಲಿನ ಪೆಟ್ಟಿಗೆಗೆ ಹಾಕಬೇಕೆಂದಳು. ಯಾರದೋ ಚಕ್ರದ ಸೂಟ್‌ಕೇಸಿನ ಮೇಲೆ, ಯಾರದೋ ಹೆಲ್ಮೆಟ್ಟಿನ ಪಕ್ಕ ಅದು ಮಲಗಿತು. ನೆಲ ಬಿಟ್ಟು ಏಳುವಾಗಲೂ ಅವಳು ಕಿಟಕಿಯ ಕಡೆ ತಿರುಗಲಿಲ್ಲ. ಕತ್ತು ಎತ್ತಿ ಆ ಪೆಟ್ಟಿಗೆಯ ಬಾಗಿಲನ್ನೇ ನೋಡುತ್ತ ಕೂತಳು. ಕಿಟಕಿಯ ಪಕ್ಕದ ಮುದುಕಿ ಮಾತ್ರ ಹಣೆಯನ್ನು ಗಾಜಿಗೆ ಒತ್ತಿ, ಕೆಳಗೆ ಕಾಣುವ ಪ್ರತಿಯೊಂದು ನೀರಿನ ಹೊಳಪನ್ನೂ, "ಇದು ನಮ್ಮ ಕೆರೆ, ಇದೇ ನಮ್ಮ ಕೆರೆ," ಎಂದು ಗುರುತು ಹಿಡಿಯುತ್ತಿದ್ದಳು. ಒಂದೇ ಕೆರೆ ಆರು ಸಲ ಬಂತು. ಬೆಲ್ಟು ಕಟ್ಟಿಕೊಳ್ಳಿ ಎಂಬ ದೀಪ ಆರಿದ್ದೇ ಮುನಿಲಕ್ಷ್ಮಿ ಎದ್ದು ಚೀಲವನ್ನು ಇಳಿಸಿಕೊಂಡಳು. ಅಂಚಿನ ಸೀಟಿನ ಗಂಡಸು ಫೋನಿನಿಂದ ಕಣ್ಣೆತ್ತಿ, ಮೊಣಕೈ ಒಳಗೆ ಎಳೆದುಕೊಂಡು, ದೊಡ್ಡದಾಗಿ ಉಸಿರು ಬಿಟ್ಟ. ಬಿಡಲಿ. ಅವಳು ಜಿಪ್ಪು ತೆಗೆದು ಬ್ಲೌಸನ್ನು ಹೊರತೆಗೆದಳು, ಒಳಮಗ್ಗುಲು ಮೇಲೆ ಬರುವ ಹಾಗೆ ತಿರುಗಿಸಿ ತೊಡೆಯ ಮೇಲೆ ಹರಡಿದಳು.

ಒಳಗೆ ಬಟ್ಟೆ ಇತ್ತು. ಇದೆಯೆಂದು ಗೊತ್ತೇ ಇತ್ತು, ಆದರೂ ಬೆರಳಿಂದ ಮುಟ್ಟಿ ನೋಡುವ ತನಕ ನಂಬಿಕೆ ಬರಲಿಲ್ಲ. ಎರಡೂ ಪಕ್ಕೆಯಲ್ಲಿ ಹೊಲಿಗೆಯಿಂದಾಚೆ ಎರಡೆರಡು ಬೆರಳು ಬಟ್ಟೆ, ಕತ್ತರಿಸದೆ ಮಡಚಿ ಬಿಟ್ಟದ್ದು. ಅವಳಿಗೆ ಕೆಲಸ ಕಲಿಸಿದ ಮುನಿರಾಮಪ್ಪ ಮೇಷ್ಟ್ರು ಶಿಷ್ಯರ ಮೇಲೆ ಕೈ ಮಾಡುತ್ತಿದ್ದದ್ದು ಒಂದೇ ತಪ್ಪಿಗೆ, ಒಳಗೆ ಬಟ್ಟೆ ಬಿಡದೆ ಕತ್ತರಿಸಿದ್ದಕ್ಕೆ. "ಮೇಲೆ ಕಾಣೋದು ಗಿರಾಕಿದು, ಒಳಗೆ ಬಿಡೋದು ನಮ್ಮ ಮರ್ಯಾದೆ," ಎಂದು ಅಡಿಕೋಲಿನಲ್ಲಿ ಬೆರಳ ಗೆಣ್ಣಿಗೆ ಬಾರಿಸುತ್ತಿದ್ದರು. ಈಗ ಊರಲ್ಲಿ ಹೊಸದಾಗಿ ಬಂದ ಅಂಗಡಿಯವರು ಒಳಗೆ ಅರ್ಧ ಬೆರಳೂ ಬಿಡುವುದಿಲ್ಲ. ಮೈಗೆ ಅಂಟಿ ಕೂರುತ್ತದೆ, ಚೆಂದ ಕಾಣುತ್ತದೆ, ಒಂದು ವರ್ಷಕ್ಕೆ ಎಸೆಯುವುದು. ಚೀಲದ ಹೊಲಿಗೆ ಹೊಲೀತೀಯ ಎಂದು ಅವಳ ಮುಖಕ್ಕೇ ಅಂದವರಿದ್ದಾರೆ. ಅನ್ನಲಿ, ಆ ಚೀಲದ ಹೊಲಿಗೆಯೇ ಈಗ ತೊಡೆಯ ಮೇಲಿದೆ. ಮಡಿಕೆಯೊಳಗಿನ ಕೆಂಪು ಹೊರಗಿನದಕ್ಕಿಂತ ಗಾಢವಾಗಿತ್ತು, ಅಂಚಿನಲ್ಲಿ ಅರಿಶಿನದ ಕಲೆ ಹಾಗೇ ಇತ್ತು. ಅವಳು ಹೆಬ್ಬೆರಳಿನಿಂದ ಆ ಮಡಿಕೆಯನ್ನು ಮೇಲಿನಿಂದ ಕೆಳಗಿನ ತನಕ ಸವರಿದಳು.

ಬಿಚ್ಚುವುದು ಹೇಗೆ? ಕತ್ತರಿ ಡಬ್ಬದಲ್ಲಿ, ಸೂಜಿ ದಾರದ ಪೆಟ್ಟಿಗೆ ವಿಮಾನದ ಹೊಟ್ಟೆಯಲ್ಲಿ. ಅವಳು ಕತ್ತಿನ ತಾಳಿಸರಕ್ಕೆ ಕೈ ಹಾಕಿದಳು. ನಮ್ಮ ಕಡೆ ಯಾವ ಹೆಂಗಸಿನ ತಾಳಿಸರ ಹಿಡಿದು ನೋಡಿದರೂ ಎರಡು ಪಿನ್ನು ಸಿಕ್ಕೇ ಸಿಗುತ್ತವೆ, ಮುನಿಲಕ್ಷ್ಮಿಯದರಲ್ಲಿ ನಾಲ್ಕಿದ್ದವು. ಯಾವ ಯಂತ್ರವೂ ಅವನ್ನು ಕೇಳಿರಲಿಲ್ಲ. ಚಿಕ್ಕದನ್ನು ತೆಗೆದು, ಮೊನೆಯನ್ನು ಮೊದಲ ಹೊಲಿಗೆಯ ಕೆಳಗೆ ತೂರಿಸಿ ಮೇಲೆತ್ತಿದಳು. ಟಿಕ್ ಎಂದಿತು. ಹತ್ತು ಹೊಲಿಗೆ ಬಿಟ್ಟು ಇನ್ನೊಂದು. ಆಮೇಲೆ ದಾರದ ತುದಿ ಹಿಡಿದು ಎಳೆದರೆ ಅದು ಸರ್ರನೆ ಬಂತು. "ಅತ್ತೆ, ಈ ತುದಿ ಹಿಡ್ಕೊಳ್ಳಿ. ಬಿಗಿಯಾಗಿ." ದೊಡ್ಡವೆಂಕಟಮ್ಮ ಕೆರೆಗಳನ್ನು ಬಿಟ್ಟು ಈ ಕಡೆ ತಿರುಗಿ ಎರಡೂ ಕೈಯಲ್ಲಿ ಹಿಡಿದಳು. ಎರಡು ಹೆಂಗಸರು ಮೂವತ್ತು ಸಾವಿರ ಅಡಿ ಮೇಲೆ ಕೂತು ಮದುವೆ ಬಟ್ಟೆ ಬಿಚ್ಚುತ್ತಿರುವುದನ್ನು ಗಗನಸಖಿ ಚಹಾದ ಗಾಡಿ ನಿಲ್ಲಿಸಿ ನೋಡಿದಳು, ಪಿನ್ನಿನ ಗಾತ್ರ ನೋಡಿ, ಮುದುಕಿಯ ಮುಖ ನೋಡಿ, ಗಾಡಿಯನ್ನು ಮುಂದಕ್ಕೆ ತಳ್ಳಿದಳು. ವಿಮಾನ ಒಮ್ಮೆ ಕುಲುಕಿತು. ಪಿನ್ನು ಹೆಬ್ಬೆರಳಿಗೆ ಚುಚ್ಚಿತು. ರಕ್ತದ ಬಿಂದು ರೇಷ್ಮೆಗೆ ತಾಗುವ ಮೊದಲೇ ಮುನಿಲಕ್ಷ್ಮಿ ಬೆರಳನ್ನು ಬಾಯಿಗಿಟ್ಟು ಚೀಪಿದಳು.

"ಎಷ್ಟು ಬಿಡ್ತೀಯಮ್ಮ? ಒಂದು ಬೆರಳಾ, ಎರಡಾ?" ಮುದುಕಿ ಕೇಳಿದಳು.

"ಗೊತ್ತಿಲ್ಲತ್ತೆ. ಅವಳ ಮೈ ಈಗ ಹೆಂಗಿದೆ ಅಂತ ನಂಗೆ ಗೊತ್ತಿಲ್ಲ." ಹಾಗೆ ಬಾಯಿಬಿಟ್ಟು ಹೇಳಿದ ಮೇಲೆ ಅದರ ನೋವು ತಿಳಿಯಿತು. ಹಾಲುಗೂಸಾಗಿದ್ದಾಗ ಎಣ್ಣೆ ಹಚ್ಚಿದ ಮೈ, ದೊಡ್ಡವಳಾದಾಗ ಹಸೆಗೆ ಕೂರಿಸಿ ಲಂಗ ದಾವಣಿ ತೊಡಿಸಿದ ಮೈ, ಈಗ ಅಳತೆ ಗೊತ್ತಿಲ್ಲ. ಸಿಟ್ಟು ಬಂದದ್ದು ಮೌನಿಕಾಳ ಮೇಲಲ್ಲ. ಎರಡು ವರ್ಷ ತಾನೂ ಬಿಮ್ಮನೆ ಇದ್ದುದರ ಮೇಲೆ. ಯುಗಾದಿಗೆ ಹೋದಾಗಲೂ ಹುಡುಗಿಯ ಮುಖ ನೋಡಿದ್ದಳೇ ಹೊರತು ಭುಜ ಹಿಡಿದಿರಲಿಲ್ಲ. "ಬಿಚ್ಚಿ ಇಡ್ತೀನಿ. ಅಲ್ಲಿ ಹೋಗಿ ಅವಳನ್ನ ಮುಂದೆ ನಿಲ್ಲಿಸ್ಕೊಂಡೇ ಹೊಲೀತೀನಿ," ಎಂದಳು. ಇಳಿಯುವ ಹೊತ್ತಿಗೆ ಎರಡೂ ಪಕ್ಕೆ ಬಾಯಿ ಬಿಟ್ಟಿದ್ದವು. ತೊಡೆಯ ಮೇಲೆಲ್ಲ ಕೆಂಪು ದಾರದ ತುಂಡು. ಅಂಚಿನ ಸೀಟಿನ ಗಂಡಸು ತನ್ನ ಪ್ಯಾಂಟಿನ ಮೇಲೆ ಹಾರಿದ್ದ ಒಂದನ್ನು ಹೆಕ್ಕಿ, ಎಸೆಯದೆ, ಅವಳ ಕೈಗೆ ಕೊಟ್ಟ.

ಹೋಟೆಲಿನ ಕೋಣೆಯ ಬಾಗಿಲು ತೆರೆದದ್ದೇ ಕಣ್ಣಿಗೆ ಬಿದ್ದದ್ದು ಅದು. ಬೀರುವಿನ ಹಿಡಿಗೆ ನೇತುಹಾಕಿದ್ದರು; ಕಲ್ಲು ಕೂರಿಸಿದ, ಗುಲಾಬಿ ಬಣ್ಣದ, ದೀಪದ ಅಂಗಡಿಯ ಹಾಗೆ ಮಿನುಗುವ ಲೆಹೆಂಗಾ. ಮೌನಿಕಾ ಕನ್ನಡಿಯ ಮುಂದಿನಿಂದ ದಡಬಡಿಸಿ ಎದ್ದು ಅದಕ್ಕೆ ಅಡ್ಡ ನಿಂತಳು. ಮುಖಕ್ಕೆ ಅರ್ಧ ಅಲಂಕಾರವಾಗಿತ್ತು. ಅಲಂಕಾರದ ಹುಡುಗಿಯೂ ಇಬ್ಬರು ಗೆಳತಿಯರೂ ಇದ್ದರು. ಮುನಿಲಕ್ಷ್ಮಿ ಅವರನ್ನು ಹೊರಗೆ ಕಳಿಸಿದಳು. ಗದರಲಿಲ್ಲ, "ಹತ್ತು ನಿಮಿಷ ಕಣ್ರಮ್ಮ," ಎಂದಳಷ್ಟೇ. ಗದರಿದ್ದರೂ ಅವರು ಅಷ್ಟು ಬೇಗ ಹೋಗುತ್ತಿರಲಿಲ್ಲ. ಆಮೇಲೆ ನೆಟ್ಟಗೆ ಹೋಗಿ ಆ ಗುಲಾಬಿ ಬಟ್ಟೆಯ ಪಕ್ಕೆಯನ್ನು ತಿರುಗಿಸಿ ಒಳಗೆ ನೋಡಿದಳು. ಒಂದು ದಾರದಷ್ಟೂ ಬಟ್ಟೆ ಬಿಟ್ಟಿರಲಿಲ್ಲ.

"ಇದೇನಾ ಆ ಇನ್ನೊಂದು?"

"ಯಾವ ಇನ್ನೊಂದು ಚಿಕ್ಕಮ್ಮ?"

"ನೀನು ಅಳಿಸೋಕೆ ಮುಂಚೆ ಓದಿಬಿಟ್ಟೆ ಕಣೇ."

ಮೌನಿಕಾ ಮಂಚದ ಮೇಲೆ ಕೂತಳು. ಅಳು ಬಂದರೆ ಕಾಡಿಗೆ ಹರಿಯುತ್ತದೆ ಎಂದು ಕಣ್ಣನ್ನು ಅಗಲ ಮಾಡಿಕೊಂಡು ಚಾವಣಿ ನೋಡಿದಳು. ಆ ನೋಟದಲ್ಲಿ ಅವಳು ಹತ್ತು ವರ್ಷದ ಮಗುವಿನ ಹಾಗೇ ಕಂಡಳು. "ನಿಂದು ಚೆನ್ನಾಗಿರಲ್ಲ ಅಂತ ಅಲ್ಲ ಚಿಕ್ಕಮ್ಮ, ದೇವರಾಣೆ. ನನ್ನ ಮೈಗೇ ಆಗಲ್ಲ ಅಂತ. ಹಳೇ ಬ್ಲೌಸ್ ಕಳಿಸಿದ್ದು ನಾವೇ..."

"ನಿಮ್ಮಜ್ಜಿ ಹೇಳಿದ್ರು."

"ಹೇಳೋಕೆ ಮುಖ ಇರ್ಲಿಲ್ಲ. ಬೇರೆ ಕಡೆ ಹೊಲಿಸ್ತೀನಿ ಅಂತ ಹೆಂಗೆ ಹೇಳೋದು ನಿಂಗೆ? ಅದಕ್ಕೇ ನಾನೇ ಸಣ್ಣ ಆಗ್ಬಿಡೋಣ ಅಂತ... ಒಂದು ತಿಂಗಳಿಂದ ರಾತ್ರಿ ಊಟ ಇಲ್ಲ. ಈ ವಾರ ಬರೀ ಸೌತೆಕಾಯಿ, ಮಜ್ಜಿಗೆ. ನಿನ್ನೆ ಬೆಳಿಗ್ಗೆ ಒಂದೇ ಒಂದು ಇಡ್ಲಿ ತಿಂದಿದೀನಿ. ಇದು ಸುಮ್ನೆ, ಏನೂ ಆಗ್ಲಿಲ್ಲ ಅಂದ್ರೆ ಅಂತ. ನಂಗೆ ನಿಂದೇ ಹಾಕ್ಕೋಬೇಕಿತ್ತು."

ಮುನಿಲಕ್ಷ್ಮಿ ಗುಲಾಬಿ ಬಟ್ಟೆಯನ್ನು ಕೈಯಿಂದ ಬಿಟ್ಟಳು. ಹದಿನೈದು ದಿನದಿಂದ ತನ್ನ ಕೆಲಸ ಯಾರಿಗೂ ಬೇಡವೆಂದು ಒಳಗೊಳಗೇ ಬೇಯುತ್ತಿದ್ದಳು. ಅದೇ ಹದಿನೈದು ದಿನ ಇವಳು ಆ ಕೆಲಸದೊಳಗೆ ಹಿಡಿಯಬೇಕೆಂದು ಹಸಿವಿನಿಂದ ಬೇಯುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಬಾಯಿಬಿಟ್ಟು ಒಂದು ಮಾತು ಆಡಿರಲಿಲ್ಲ. ಮೊದಲು ನಾಚಿಕೆಯಾಯಿತು. ಆಮೇಲೆ, ಸುಳ್ಳು ಯಾಕೆ, ಸಂತೋಷವಾಯಿತು. ಎಂಥಾ ಸಂತೋಷವೆಂದರೆ ಎದೆಯಲ್ಲಿ ಇಟ್ಟುಕೊಳ್ಳಲು ಜಾಗ ಸಾಲದೆ ಅದು ಸಿಟ್ಟಾಗಿ ಹೊರಬಿತ್ತು. "ಎಮ್ಮೆ ಕಣೇ ನೀನು! ಬಟ್ಟೆಗೆ ತಕ್ಕಂತೆ ಮೈ ಹೊಲಿಸ್ಕೊಳ್ತಾರಾ ಯಾರಾದ್ರೂ? ಮೈಗೆ ತಕ್ಕಂತೆ ಬಟ್ಟೆ ಹೊಲಿಯೋಕೆ ತಾನೇ ನಾನು ಇರೋದು? ಅತ್ತೆ, ನಿಮ್ಮ ಚೀಲದಾಗೆ ತಿನ್ನೋಕೇನಿದೆ?"

ದೊಡ್ಡವೆಂಕಟಮ್ಮ ಬಾಗಿಲಲ್ಲೇ ನಿಂತಿದ್ದಳು. "ಪುಳಿಯೋಗರೆ ಇದೆ. ಆದ್ರೆ ಮುಹೂರ್ತಕ್ಕೆ ಮುಂಚೆ ಮದುಮಗಳು ಊಟ..." ಎಂದು ಶುರು ಮಾಡಿ, ಮೊಮ್ಮಗಳ ಕತ್ತಿನ ಮೂಳೆ ನೋಡಿ, ಮಾತು ಬದಲಿಸಿದಳು. "ಒಂದು ತಿಂಗಳು ಉಪವಾಸ ಮಾಡೈತೆ ಹುಡುಗಿ. ಯಾವ ದೇವರು ಅಡ್ಡ ಬರ್ತಾನೋ ಬರ್ಲಿ, ನಾನು ಮಾತಾಡ್ಕೊಂತೀನಿ." ಡಬ್ಬಿ ಬಿಚ್ಚಿದಳು. ಹುಣಸೆ, ಇಂಗು, ಕಡಲೆಕಾಯಿ ಬೀಜದ ವಾಸನೆ ಆ ತಣ್ಣನೆಯ ಕೋಣೆಯನ್ನೆಲ್ಲ ಹಿಡಿದುಕೊಂಡಿತು.

ಹುಡುಗಿ ತಿಂದಳು. ಮೊದಲ ನಾಲ್ಕು ತುತ್ತು ತುಟಿಯ ಬಣ್ಣ ಕೆಡದಂತೆ, ಐದನೆಯದರಿಂದ ಬಣ್ಣ ಗಿಣ್ಣ ಮರೆತು. ಅಜ್ಜಿ ಕೈತುತ್ತು ಹಾಕುತ್ತಿದ್ದಳು. ಡಬ್ಬಿ ಅರ್ಧ ಖಾಲಿಯಾಗುವ ತನಕ ಮುನಿಲಕ್ಷ್ಮಿ ಟೇಪು ಮುಟ್ಟಲಿಲ್ಲ. "ಹಸಿದ ಹೊಟ್ಟೆಗೆ ಅಳತೆ ತಗೊಳಲ್ಲ ನಾನು. ಇನ್ನೆರಡು ತುತ್ತು ತಿನ್ನು," ಎಂದು ಸೂಜಿಗೆ ದಾರ ಪೋಣಿಸುತ್ತ ಕೂತಳು. ಒಂದೇ ಸಲಕ್ಕೆ ಒಳಗೆ ಹೋಯಿತು. ಆಮೇಲೆ, "ಕೈ ಎತ್ತು," ಎಂದಳು. ಬ್ಲೌಸನ್ನು ತೊಡಿಸಿ, ಕೊಕ್ಕೆ ಹಾಕಿ, ಬಿಚ್ಚಿಕೊಂಡಿದ್ದ ಪಕ್ಕೆಗಳನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂಡಿಸಿದಳು. ಎರಡು ವರ್ಷದ ಮೇಲೆ ಆ ಮೈ ಮುಟ್ಟಿದ್ದು. ಪಕ್ಕೆಲುಬು ಕೈಗೆ ಸಿಕ್ಕವು, ಬಿಸಿ ಸಿಕ್ಕಿತು, ಉಸಿರು ಸಿಕ್ಕಿತು. "ಉಸಿರು ಎಳ್ಕೋ. ಪೂರ್ತಿ. ಇನ್ನೂ." ಹುಡುಗಿ ಉಸಿರೆಳೆದಳು, ಅಂಗೈಗಳು ಅಗಲವಾದವು, ಆ ಅಗಲಕ್ಕೆ ಪಿನ್ನು ಹಾಕಿ ಗುರುತು ಮಾಡಿದಳು. ಒಂದೂಕಾಲು ಬೆರಳು. ಮೈಯ ಮೇಲೇ ಹೊಲಿದಳು, ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹಾಕುವ ಕೈಹೊಲಿಗೆ. ಮಿಷಿನ್ನು ಬರುವುದಕ್ಕೆ ಮುಂಚೆ ಎಲ್ಲರೂ ಹೊಲಿಯುತ್ತಿದ್ದದ್ದು ಹಾಗೇ. ಸೂಜಿ ಒಂದು ಸಲವೂ ಚರ್ಮಕ್ಕೆ ತಾಗಲಿಲ್ಲ. ನಡುವೆ ಮೌನಿಕಾ ಮೆಲ್ಲಗೆ, "ಬೇಜಾರಾಗಿತ್ತಾ ಚಿಕ್ಕಮ್ಮ, ಆವತ್ತು ಮಾಲೂರಲ್ಲಿ?" ಎಂದಳು. "ಆಗಿತ್ತು. ತುಂಬಾ ಆಗಿತ್ತು. ಅಲ್ಲಾಡಬೇಡ," ಎಂದಳು ಮುನಿಲಕ್ಷ್ಮಿ. ಹೇಳಿದ ಮೇಲೆ ಅದು ಅಷ್ಟೇನೂ ದೊಡ್ಡದಿರಲಿಲ್ಲ.

ಸಂಜೆ ಕೆರೆಯ ದಂಡೆಯಲ್ಲಿ ಮಂಟಪ. ನೀರಿನ ಮೇಲೆ ಬಿಸಿಲು ಓರೆಯಾಗಿ ಬಿದ್ದಿತ್ತು. ಮಾವಿನ ಹೂವಿನ ಗೊಂಚಲುಗಳು ಮೌನಿಕಾ ಹೆಜ್ಜೆ ಇಟ್ಟಲ್ಲೆಲ್ಲ ಹೊಳೆದವು. ಧಾರೆ ಸೀರೆಯ ಅಂಚು ಲಂಗದ ಕೆಳಗೆ ಸುತ್ತಲೂ ಒಂದೇ ಗೆರೆಯಾಗಿ ಬರುತ್ತಿತ್ತು. ನೋಡಿದ ಹೆಂಗಸರು ಏನೇನೋ ಅಂದರು. ಮುನಿಲಕ್ಷ್ಮಿಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಅವಳ ಕಣ್ಣು ಎರಡು ಕಂಕುಳುಗಳ ಕೆಳಗಿದ್ದ ಎರಡು ಗೆರೆಗಳ ಮೇಲಿತ್ತು. ಕೂರುವಾಗ ಏನೂ ಆಗಲಿಲ್ಲ. ಬಗ್ಗಿ ಹಿರಿಯರ ಕಾಲಿಗೆ ಬೀಳುವಾಗಲೂ ಏನೂ ಆಗಲಿಲ್ಲ. ಅಂತರಪಟ ಸರಿದಾಗ ಗಂಡು ಹೆಣ್ಣು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕಿದರು, ಗಟ್ಟಿಮೇಳ ಎದ್ದಿತು. ಹಾರ ಬದಲಾಯಿಸುವ ಹೊತ್ತಿಗೆ, ಅದುವರೆಗೆ ಸಾಧುಗಳ ಹಾಗೆ ನಿಂತಿದ್ದ ಕಾರ್ಖಾನೆಯ ಗೆಳೆಯರು ನಾಲ್ವರು ಒಮ್ಮೆಗೇ ನುಗ್ಗಿ ಅರುಣ್‌ಕುಮಾರನನ್ನು ತೊಡೆ ಹಿಡಿದು ಮೇಲೆತ್ತಿಬಿಟ್ಟರು. "ಹಾಕು ನೋಡೋಣ! ಹಾಕು ನೋಡೋಣ!" ಅವನು ಅಲ್ಲಿ ಮೇಲೆ, ನಗುತ್ತ, ಕತ್ತು ಇನ್ನೂ ಎತ್ತರ ಮಾಡಿಕೊಂಡ.

ಮೌನಿಕಾ ಎರಡೂ ಕೈಯಲ್ಲಿ ಹಾರ ಹಿಡಿದು ನಿಂತಳು. ಕೈ ಅರ್ಧ ಎತ್ತಿ, ಅಲ್ಲಿಗೇ ನಿಲ್ಲಿಸಿ, ಜನರ ನಡುವೆ ಚಿಕ್ಕಮ್ಮನನ್ನು ಹುಡುಕಿದಳು. ಎತ್ತಲಾ ಎಂದು ಕೇಳುವ ಕಣ್ಣು. ಕೈ ಅಷ್ಟು ಎತ್ತಿದರೆ ಎಳೆಯುವುದು ಎಲ್ಲಿ ಎಂದು ಇಬ್ಬರಿಗೂ ಗೊತ್ತಿತ್ತು. ಒಂದು ಹೊಲಿಗೆ ಬಿಟ್ಟರೆ ಮೇಲಿನಿಂದ ಕೆಳಗಿನ ತನಕ ಬಿಡುತ್ತದೆ, ಫೋಟೋದಲ್ಲಿ ಉಳಿಯುತ್ತದೆ, ಊರಿಗೆ ಹೋಗುತ್ತದೆ. ಮುನಿಲಕ್ಷ್ಮಿ ತನ್ನ ಕೈಯ ಲೆಕ್ಕ ಒಮ್ಮೆ ಮನಸ್ಸಿನಲ್ಲೇ ಎಳೆದು ನೋಡಿದಳು, ಮುಂದೆ, ಹಿಂದೆ, ಮುಂದೆ. ಎಲ್ಲೂ ಸಡಿಲವಿರಲಿಲ್ಲ. ಇಷ್ಟು ವರ್ಷ ಮಿಷಿನ್ನಿನ ಹಿಂದೆ ಕೂತು ಮೆತ್ತಗೆ ಮಾತಾಡಿದ ಹೆಂಗಸು, ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಭಾಷೆ ಗೊತ್ತಿಲ್ಲದ ಹೋಟೆಲಿನವರು ಎಲ್ಲರೂ ತಿರುಗಿ ನೋಡುವ ಹಾಗೆ, ಗಂಟಲು ಬಿಚ್ಚಿ ಕೂಗಿದಳು:

"ಎಗರೇ ಮೌನಿಕಾ! ನಾನು ಹೊಲಿದಿರೋದು, ಎಗರು!"

ಮೌನಿಕಾ ಲಂಗದೊಳಗೆ ಕಾಲು ಕೂಡಿಸಿ, ಎರಡೂ ಕೈ ಆಕಾಶಕ್ಕೆ ಚಾಚಿ, ಎಗರಿದಳು.